ಹದಿನೆಂಟನೇ ಬಾಲ್ಸು

ಹಿಂದಿನ ಚಕ್ರದಿಂದ ಕಟಕ್ ಅಂತ ಒಂದು ಸದ್ದು. ಸುತ್ತಿಗೊಂದು ಸಲ ಬಂದಿದ್ದರೆ ಅಭ್ಯಾಸವಾಗಿಬಿಡುತ್ತಿತ್ತು. ಇದು ಹಾಗಲ್ಲ, ಇನ್ನೇನು ನಿಂತಿತು ಅಂದುಕೊಳ್ಳುವಾಗ ಕಟಕ್. ಅಪ್ಪನ ಕಾಲದ ರ್ಯಾಲಿ ಸೈಕಲ್ಲು, ಮುಂದಕ್ಕೆ 32 ಕಡ್ಡಿ, ಹಿಂದಕ್ಕೆ 40. ಅಂಗಡಿಗೆ ತಳ್ಳಿಕೊಂಡು ಹೋದೆ. ಅಲ್ಲಿದ್ದ ಹುಡುಗ ಸೀಟು ಹಿಡಿದೆತ್ತಿ, ಚಕ್ರ ಅತ್ತಿತ್ತ ಅಲ್ಲಾಡಿಸಿ, "ಹಬ್ಬೇ ಹೋಗಿದೆ ಅಂಕಲ್, ಪೂರ್ತಿ ವೀಲೇ ಚೇಂಜ್ ಮಾಡ್ಸಿಬಿಡಿ" ಅಂದ. ಹಬ್ಬು ಅಂದರೆ ಚಕ್ರದ ನಡುಭಾಗ. ಅಂಕಲ್ ಅಂದಿದ್ದಕ್ಕೆ ಬೇಜಾರಿಲ್ಲ, ತಾತ ಅನ್ನಲಿಲ್ಲವಲ್ಲ. ಆದರೆ ಪಾನಾ ಕೈಗೇ ತೆಗೆದುಕೊಳ್ಳದೆ ತೀರ್ಪು ಕೊಟ್ಟನಲ್ಲ, ಅದಕ್ಕೆ ಸಿಟ್ಟು ಬಂತು. ನಾನೇ ಮಾಡ್ತೀನಿ ಅಂತ ಮನೆಗೆ ಬಂದೆ.

ಅಪ್ಪ ಪ್ರತಿವರ್ಷ ಆಯುಧಪೂಜೆಯ ಹಿಂದಿನ ದಿನ ಸೈಕಲ್ಲಿಗೆ 'ಓವರಾಯಿಲ್' ಮಾಡುತ್ತಿದ್ದರು. ಅದು ಓವರ್‌ಹಾಲ್ ಅಂತ ನನಗೆ ಗೊತ್ತಾಗುವಾಗ ಕಾಲೇಜು ಮುಗಿದಿತ್ತು. ಈಗಲೂ ಅಪ್ಪನ ಮಾತೇ ಸರಿ ಅನ್ನಿಸುತ್ತೆ, ಕೊನೆಗೆ ಹಾಕೋದು ಎಣ್ಣೇನೇ ಅಲ್ವಾ?

ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಪೇಪರು ಹಾಸಿ ಕೂತೆ. ಸೀಮೆಎಣ್ಣೆ ಸಿಗಲಿಲ್ಲ, ಡೀಸೆಲ್ಲೇ ಗತಿ. ಅಚ್ಚಿನ ಮೇಲಿನ ಕೋನು ಅನ್ನುವ ನಟ್ಟು ಬಿಚ್ಚಿ, ಕರ್ರಗಿನ ಗ್ರೀಸಿನೊಳಗಿಂದ ಬಾಲ್ಸು, ಅಂದರೆ ಚಕ್ರ ಸಲೀಸಾಗಿ ತಿರುಗಲು ಹಾಕುವ ಉಕ್ಕಿನ ಗುಂಡುಗಳನ್ನು, ಒಂದೊಂದಾಗಿ ತಟ್ಟೆಗೆ ಹಾಕಿದೆ. ಹಿಂದಿನ ಚಕ್ರಕ್ಕೆ ಕಾಲಿಂಚಿನವು, ಆ ಕಡೆ 9, ಈ ಕಡೆ 9. ಎಣಿಸಿದರೆ 17.

ನಾನು 31 ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನು. 17 ಅನ್ನುವುದನ್ನು ಸುಮ್ನೆ ಬಿಡುವ ಜಾತಿ ಅಲ್ಲ.

ನಮ್ಮ ಜಗಲಿಯದು ಕೆಂಪು ರೆಡಾಕ್ಸೈಡ್ ನೆಲ. ಕಟ್ಟುವಾಗ ಮೇಸ್ತ್ರಿ "ನೀರು ಸಲೀಸಾಗಿ ಹೋಗ್ತದೆ ಸಾರ್, ವಾಟ ಕೊಟ್ಟಿದೀನಿ" ಅಂತ ಆಣೆ ಮಾಡಿದ್ದ. ಮಳೆ ಬಂದರೆ ನೀರು ಇವತ್ತಿಗೂ ನಡುಮಧ್ಯ ನಿಲ್ಲುತ್ತೆ. ನೀರಿಗೆ ಕಾಣದ ಆ ವಾಟ ಬಾಲ್ಸಿಗೆ ಹೇಗೆ ಕಂಡಿತೋ ಗೊತ್ತಿಲ್ಲ. ಹೊಟ್ಟೆ ಮೇಲೆ ಮಲಗಿ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ಟಾರ್ಚು ಬಿಟ್ಟೆ. ಆಗ ನೆನಪಾದವನು ಪ್ಯಾರಿಸ್ಸಿನ ಜೂಲ್ಸ್ ಸುರಿರೇ. ಸೈಕಲ್ಲಿಗೆ ಬಾಲ್ ಬೇರಿಂಗ್ ಹಾಕೋದಕ್ಕೆ 1869ರಲ್ಲಿ ಪೇಟೆಂಟ್ ತಗೊಂಡ ಪುಣ್ಯಾತ್ಮ. ಅದೇ ವರ್ಷ ನವೆಂಬರಿನಲ್ಲಿ ಜೇಮ್ಸ್ ಮೂರ್ ಅನ್ನುವವನು ಅಂಥ ಸೈಕಲ್ಲಿನಲ್ಲೇ ಪ್ಯಾರಿಸ್ಸಿನಿಂದ ರೂವಾನಿಗೆ ರೇಸು ಗೆದ್ದ. ಗೆದ್ದವನ ಹೆಸರು ಉಳಿದಿದೆ, ಸರಿ. ಬಾಲ್ಸು ಹುಡುಕಿಕೊಂಡು ಮೂಲೆಮೂಲೆ ತೆವಳಿದವರ ಹೆಸರು ಯಾರು ಬರೆದಿಟ್ಟಿದ್ದಾರೆ?

ಆಮೇಲೆ ನನಗೊಂದು ಬುದ್ಧಿ ಹೊಳೆಯಿತು. ಕೂತ ಜಾಗದಿಂದಲೇ ಇನ್ನೊಂದು ಬಾಲ್ಸು ಉರುಳಿಬಿಟ್ಟರೆ ಮೊದಲನೆಯದು ಹೋದ ದಾರಿಯನ್ನೇ ಹಿಡಿಯಬೇಕಲ್ಲ? ಬಿಟ್ಟೆ. ಅದು ಮೆಟ್ಟಿಲವರೆಗೆ ನೆಟ್ಟಗೆ ಹೋಗಿ, ಅಲ್ಲಿ ಏನು ಯೋಚನೆ ಬಂತೋ, ಎಡಕ್ಕೆ ತಿರುಗಿ ಮಾಯವಾಯಿತು. ಈಗ 16.

"ರೀ, ಇನ್ನೊಂದು ಬಿಟ್ಟು ನೋಡಿ" ಅಂದಳು ಹೆಂಡತಿ, ಕಾಫಿ ಲೋಟ ಹಿಡಿದು ನಿಂತು.

ಮೊಮ್ಮಗಳು ಹಳೇ ಸ್ಪೀಕರಿನ ಅಯಸ್ಕಾಂತ ತಂದಳು. ಅದನ್ನು ದಾರಕ್ಕೆ ಕಟ್ಟಿ ಸಂದಿಗೊಂದಿಯಲ್ಲೆಲ್ಲ ಎಳೆದೆವು. ಎರಡು ಮೊಳೆ, ಒಂದು ಪಿನ್ನು, ಅರ್ಧ ಬ್ಲೇಡು, ಹೋದ ವರ್ಷ ಕೆಲಸದವಳ ಮೇಲೆ ಗುಮಾನಿ ಬರುವಂತೆ ಮಾಡಿದ್ದ ಬೀರುವಿನ ಕೀಲಿ, ಮತ್ತೆ ಒಂದು ಬಾಲ್ಸು. ಒಂದೇ. ಎರಡರಲ್ಲಿ ಯಾವುದು ಅಂತ ಹೇಗೆ ಹೇಳೋದು? ಒಳಗಿಂದ ಅಮ್ಮ, "ನಿಮ್ಮಪ್ಪ ಹಳೇ ಪಂಚೆ ಹಾಸ್ಕೊಂಡು ಕೂರೋರು ಕಣೋ, ಪೇಪರಲ್ಲ" ಅಂದರು. ಮೂರು ಗಂಟೆ ಕಳೆದ ಮೇಲೆ!

ತಮಾಷೆ ಅಂದರೆ, ಹಳೇ ಬಾಲ್ಸು ಸಿಕ್ಕಿದ್ದರೂ ನಾನು ಹಾಕುವವನಿರಲಿಲ್ಲ. ಒಂದರ ಮೈ ಸಿಪ್ಪೆ ಎದ್ದಿತ್ತು, ಕಟಕ್ ಅದರದ್ದೇ. ಒಂದು ಹಾಳಾದರೆ ಎಲ್ಲವನ್ನೂ ಬದಲಾಯಿಸಬೇಕು, ಸವೆದದ್ದರ ಜೊತೆ ಹೊಸದನ್ನು ಬೆರೆಸಬಾರದು. ಇದು ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಹುಡುಕಿದೆ. ಲೆಕ್ಕ ಅಂದಮೇಲೆ ಲೆಕ್ಕ.

ಹೊಸ ಬಾಲ್ಸು, ಹೊಸ ಕೋನು ತಂದೆ. ಅಂಗಡಿಯವನು ಬಾಲ್ಸಿನ ಪೊಟ್ಟಣ ಬಿಚ್ಚಿ ಕೊಡಲ್ಲ ಅಂದ, ಪೂರ್ತಿ ಒಂದು ಗ್ರೋಸು ತಗೋಬೇಕಂತೆ, 144. ಬಾಲ್ಸು ಕೂರುವ ಕಪ್ಪಿಗೆ ಗ್ರೀಸು ಬಳಿದು ಅಪ್ಪ ಹೇಳಿಕೊಟ್ಟ ಹಾಗೆ ಸುತ್ತ ತುಂಬಿಸಿ, ಆಮೇಲೆ ಒಂದು ತೆಗೆಯೋದು. ಇಲ್ಲಿವರೆಗೆ ಸುಲಭ. ಕೋನು ಹದಕ್ಕೆ ತರೋದಿದೆಯಲ್ಲ, ಅದು ಬೇರೆ ಕಥೆ. ಹದವಾಯಿತು ಅಂತ ಲಾಕ್‌ನಟ್ಟು ಬಿಗಿದರೆ ಕೋನೂ ಜೊತೆಗೆ ಬಿಗಿಯುತ್ತೆ, ಚಕ್ರ ಗರಗರ ಅನ್ನುತ್ತೆ. ಕೂದಲೆಳೆಯಷ್ಟು ಸಡಿಲಿಸಿದರೆ ಲೊಡಲೊಡ. ಪಕ್ಕದ ಮನೆ ರಾಯರು ಕಾಂಪೌಂಡಿನಿಂದ ಕತ್ತು ಹಾಕಿ, "ಫುಲ್ ಟೈಟ್ ಮಾಡಿ ಕಾಲು ಸುತ್ತು ಬಿಡಿ, ಅಷ್ಟೇ" ಅಂದರು. ಈ 'ಅಷ್ಟೇ' ಅನ್ನುವವರನ್ನು ಕಂಡರೆ ನನಗಾಗಲ್ಲ. ಪಾನಾ ಹಿಡಿಯದವರಿಗೆಲ್ಲ ಜಗತ್ತು ಕಾಲು ಸುತ್ತಿನಲ್ಲಿ ಸರಿಹೋಗುತ್ತೆ.

ಏಳನೇ ಸಲಕ್ಕೆ ಹತ್ತಿತು. ಚೈನು ಹಾಕುವ ಮುಂಚೆ ಚಕ್ರ ಮೆಲ್ಲಗೆ ತಿರುಗಿಸಿ ಕೈಬಿಟ್ಟೆ. ಹದ ಸರಿಯಿದ್ದರೆ ವಾಲ್ವಿನ ಭಾರಕ್ಕೇ ಅದು ತೊಟ್ಟಿಲ ಹಾಗೆ ಆ ಕಡೆ ಈ ಕಡೆ ತೂಗಿ, ವಾಲ್ವು ತಳಕ್ಕೆ ಬಂದು ನಿಲ್ಲಬೇಕು. ನಿಂತಿತು. ಮನೆಯವರನ್ನೆಲ್ಲ ಕರೆದು ತೋರಿಸಿದೆ. ಯಾರಿಗೂ ಏನೂ ಅನ್ನಿಸಿದ ಹಾಗೆ ಕಾಣಲಿಲ್ಲ.

ರಾತ್ರಿ ಊಟ ಮುಗಿಸಿ ಪೊಟ್ಟಣ ತೆಗೆದು ಎಣಿಸಿದೆ. 144ರಲ್ಲಿ 18 ಹೋದರೆ 126. ಇದ್ದದ್ದು 125. ಇನ್ನೊಮ್ಮೆ ಎಣಿಸಿದೆ, 125. ಪೊಟ್ಟಣದಲ್ಲೇ ಒಂದು ಕಮ್ಮಿ ಇತ್ತಾ? ಅಥವಾ ಒಂದು ಕಡೆ, ಸುತ್ತ ತುಂಬಿಸಿದ ಮೇಲೆ, ಆ ಒಂದನ್ನು ತೆಗೆಯೋದೇ ಮರೆತೆನಾ? ಬಿಚ್ಚದೆ ಗೊತ್ತಾಗುವ ಹಾಗಿಲ್ಲ.

"ಅಮ್ಮಾ, ಅಪ್ಪನ ಹಳೇ ಪಂಚೆ ಯಾವುದಾದ್ರೂ ಉಳಿದಿದೆಯಾ?" ಅಂತ ಕೇಳಿದೆ.