ಟಕ್ ಬೇರೆ, ಟಿಕಟಿಕ ಬೇರೆ

ಹಳೇ ಕಾರು ಸ್ಟಾರ್ಟ್ ಆಗದ ದಿನ ಬೆಂಗಳೂರಿನ ಯಾವ ಬೀದಿಯಲ್ಲೂ ತಜ್ಞರಿಗೆ ಬರವಿಲ್ಲ. ಬಾನೆಟ್ ಎತ್ತಿದರೆ ಸಾಕು, ವಾಕಿಂಗ್ ಮುಗಿಸಿ ಹಾಲಿನ ಪ್ಯಾಕೆಟ್ ಹಿಡಿದು ಬರುತ್ತಿದ್ದವರು, ಎದುರು ಮನೆ ಅಂಕಲ್, ಇಸ್ತ್ರಿ ಗಾಡಿಯವನು ಎಲ್ಲರೂ ಬಂದು ಇಣುಕುತ್ತಾರೆ. ಅರ್ಧ ನಿಮಿಷದಲ್ಲಿ ತೀರ್ಪು ಹೊರಬೀಳುತ್ತದೆ: "ಬ್ಯಾಟರಿ ಹೋಗಿದೆ ಸಾರ್. ತಳ್ಳೋಣ, ಕೂತ್ಕೊಳಿ."

ಬಹಳ ಸಲ ತೀರ್ಪು ಸರಿಯೇ ಇರುತ್ತದೆ. ತಪ್ಪಾದ ದಿನ ಮಾತ್ರ ಸಾವಿರಾರು ರೂಪಾಯಿಯ ಹೊಸ ಬ್ಯಾಟರಿ ಕೂರಿಸಿದ ಮೇಲೂ ಕಾರು ಹಂದುವುದಿಲ್ಲ. ತೀರ್ಪು ಕೊಟ್ಟವರು ಅಷ್ಟರಲ್ಲಿ ತಿಂಡಿಗೆ ಹೋಗಿರುತ್ತಾರೆ. ಅದಕ್ಕೇ ಬಾನೆಟ್ ಎತ್ತುವ ಮೊದಲು ಕಿಟಕಿ ಏರಿಸಿ ಒಳಗೆ ಒಬ್ಬರೇ ಕೂತು, ಹೆಡ್‌ಲೈಟ್ ಹಾಕಿ, ಒಂದೇ ಒಂದು ಸಲ ಕೀ ತಿರುಗಿಸಿ ಕಿವಿಗೊಡಬೇಕು.

ಲೈಟು ಮಂಕಾಗಿ "ಟಿಕಟಿಕಟಿಕ" ಅಂದರೆ ಬ್ಯಾಟರಿಯಲ್ಲಿ ದಮ್ಮಿಲ್ಲ. ಎಂಜಿನ್ ತಿರುಗಿಸುವ ಸೆಲ್ಫ್ ಮೋಟಾರಿನ ಮೇಲಿರುವ ಸೊಲೆನಾಯ್ಡ್, ಅಂದರೆ ಕರೆಂಟಿನಿಂದ ಎಳೆಯುವ ಸ್ವಿಚ್ಚು, ಒಳಕ್ಕೆಳೆದುಕೊಳ್ಳುತ್ತದೆ, ಮೋಟಾರಿಗೆ ಕರೆಂಟ್ ಹರಿದ ಕ್ಷಣವೇ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಕೈಬಿಡುತ್ತದೆ. ವೋಲ್ಟೇಜ್ ಏರಿದೊಡನೆ ಮತ್ತೆ ಎಳೆಯುತ್ತದೆ. ಆ ಎಳೆದಾಟದ ಸದ್ದೇ ಟಿಕಟಿಕ. ಲೈಟು ಉರಿಯುತ್ತಲೇ ಇದ್ದು ಒಂದೇ ಒಂದು "ಟಕ್" ಬಂದರೆ ಬ್ಯಾಟರಿ ನಿರಪರಾಧಿ. ಸೊಲೆನಾಯ್ಡಿನ ಕಾಂಟ್ಯಾಕ್ಟ್ ಸುಟ್ಟಿದೆ ಅಥವಾ ಸೆಲ್ಫ್ ಮೋಟಾರಿನೊಳಕ್ಕೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿದೆ. ಗೇರು ನ್ಯೂಟ್ರಲ್‌ಗೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಕೀ ತಿರುಗಿಸುವಾಗ ಇನ್ನೊಬ್ಬರು ಸ್ಪ್ಯಾನರಿನ ಹಿಡಿಯಿಂದ ಮೋಟಾರಿನ ಮೈಗೆ ಮೆಲ್ಲಗೆ ನಾಲ್ಕು ಏಟು ಕೊಟ್ಟರೆ ಸಿಕ್ಕಿಕೊಂಡ ಬ್ರಷ್ ಬಿಟ್ಟುಕೊಂಡು ಆ ದಿನದ ಮಟ್ಟಿಗೆ ತಿರುಗುವುದುಂಟು. ನಾಳೆ ತಿರುಗುತ್ತದೆ ಅನ್ನುವ ಭರವಸೆ ಬೇಡ, ಮೋಟಾರ್ ಬಿಚ್ಚಿಸಬೇಕು.

ಇನ್ನು ಸದ್ದೂ ಇಲ್ಲ, ಲೈಟೂ ಇಲ್ಲ ಅಂದರೆ ಬ್ಯಾಟರಿಗೆ ವೈರು ಕೂರುವ ಟರ್ಮಿನಲ್ ನೋಡಿ. ಅಲ್ಲಿ ಹಸಿರು-ಬಿಳಿ ಬೂಷ್ಟು ಬೆಳೆದಿರುತ್ತದೆ, ವಾರಗಟ್ಟಲೆ ಮುಚ್ಚಿಟ್ಟ ದೋಸೆ ಹಿಟ್ಟಿನ ಪಾತ್ರೆಯಂತೆ. 10 ನಂಬರ್ ಸ್ಪ್ಯಾನರಿನಲ್ಲಿ ಮೊದಲು ನೆಗೆಟಿವ್, ಆಮೇಲೆ ಪಾಸಿಟಿವ್ ಬಿಚ್ಚಿ. ಉಲ್ಟಾ ಮಾಡಿದರೆ ಪಾಸಿಟಿವ್ ಬಿಚ್ಚುತ್ತಿರುವ ಸ್ಪ್ಯಾನರ್ ಕಾರಿನ ಲೋಹದ ಬಾಡಿಗೆ ತಾಗಿ ದೀಪಾವಳಿ. ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ, ಬ್ಯಾಟರಿಯ ಮುಚ್ಚಳದೊಳಗೆ ಹೋಗದಂತೆ ಸುರಿಯಿರಿ, ನೊರೆ ಬಂದು ಬೂಷ್ಟು ಕರಗುತ್ತದೆ. ಒರೆಸಿ, ಉಪ್ಪು ಕಾಗದದಿಂದ ಸೀಸ ಹೊಳೆಯುವಂತೆ ಉಜ್ಜಿ, ಬಿಗಿಯಾಗಿ ಕೂರಿಸಿ. ಈ ಸಲ ನೆಗೆಟಿವ್ ಕೊನೆಗೆ. ಮೇಲೊಂದಿಷ್ಟು ವ್ಯಾಸಲೀನ್. ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೆಯದು: ಸುಮ್ಮನಿರುವಾಗ 12.6 ವೋಲ್ಟ್ ಅಂದರೆ ಹೊಟ್ಟೆ ತುಂಬಿದೆ, 12.2 ಅಂದರೆ ಅರ್ಧ ಖಾಲಿ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಎದುರು ಮನೆ ಅಂಕಲ್ ಗೆದ್ದರು. ಎಂಜಿನ್‌ನಿಂದ ಕಾರಿನ ಬಾಡಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಒಮ್ಮೆ ಮುಟ್ಟಿ ನೋಡಿ. ಅದು ತುಕ್ಕು ಹಿಡಿದರೆ ಹೊಚ್ಚ ಹೊಸ ಬ್ಯಾಟರಿಯೂ ಮುದುಕನಂತೆ ಕೆಮ್ಮುತ್ತದೆ.

ನಿಜವಾದ ತಲೆನೋವು ಬೇರೆ. ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಇಲ್ಲಿ ಪೆಟ್ರೋಲ್ ಇಲ್ಲ, ಇಲ್ಲವೇ ಕಿಡಿ ಇಲ್ಲ. ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಹೊಡೆಯಬೇಡಿ, ನಡುವೆ ಅರ್ಧ ನಿಮಿಷ ಬಿಡಿ. ಸಿಟ್ಟಿಗೆ ಹೊಡೆಯುತ್ತಲೇ ಹೋದರೆ ಇದ್ದ ಬ್ಯಾಟರಿಯೂ ಹೋಗಿ ಅಂಕಲ್ ತೀರ್ಪು ತಡವಾಗಿ ನಿಜವಾಗುತ್ತದೆ.

ಕಿಡಿ ಕೈಕೊಡುವುದಕ್ಕೆ ಬೆಂಗಳೂರಿನಲ್ಲೊಂದು ಮುಹೂರ್ತವಿದೆ: ಆಯುಧಪೂಜೆ. ವರ್ಷವಿಡೀ ಬಾನೆಟ್ ತೆರೆಯದವರು ಅವತ್ತು ಭಕ್ತಿಯಿಂದ ಎಂಜಿನ್ ಮೇಲೆ ಪೈಪಿನಲ್ಲಿ ನೀರು ಬಿಡುತ್ತಾರೆ. ಅರಿಶಿನ, ಕುಂಕುಮ, ಸೇವಂತಿಗೆ ಹಾರ, ಬೂದುಗುಂಬಳ ಎಲ್ಲ ಸಾಂಗವಾಗಿ ಮುಗಿದು ಕೀ ತಿರುಗಿಸಿದರೆ ಟಯರ್ ಕೆಳಗಿನ ನಿಂಬೆಹಣ್ಣು ದುಂಡಗೇ ಉಳಿಯುತ್ತದೆ. ನೀರು ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪಿನೊಳಗೆ ಸೇರಿದೆ. ಸಾವಿರಾರು ವೋಲ್ಟಿನ ಕಿಡಿ ಪ್ಲಗ್ಗಿಗೆ ಹೋಗುವ ಬದಲು ತೇವ ಹಿಡಿದು ಬಾಡಿಗೆ ಇಳಿಯುತ್ತಿದೆ. ಕೀ ತೆಗೆದು, ಕ್ಯಾಪಿನ ಎರಡು ಕ್ಲಿಪ್ ಬಿಡಿಸಿ ಒಣಬಟ್ಟೆಯಲ್ಲಿ ಒಳಗೂ ಹೊರಗೂ ಒರೆಸಿ, ಪ್ಲಗ್ ವೈರುಗಳನ್ನೂ ಒರೆಸಿ. ವೈರುಗಳ ಕ್ರಮ ತಪ್ಪದಿರಲು ಮೊದಲೇ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಳ್ಳಿ. ಕ್ಯಾಪಿನೊಳಗೆ ಪೆನ್ಸಿಲ್ ಗೀರಿನಂಥ ಸಣ್ಣ ಕಪ್ಪು ಗೆರೆ ಕಂಡರೆ ಒರೆಸಿ ಪ್ರಯೋಜನವಿಲ್ಲ; ಕಿಡಿ ದಾರಿ ಮಾಡಿಕೊಂಡಾಗಿದೆ, ಬಿಡಿಭಾಗದಂಗಡಿಗಳ ಜೆ.ಸಿ. ರಸ್ತೆಗೆ ಹೋಗಿ ಬೇರೆ ಕ್ಯಾಪ್ ತನ್ನಿ. ಹಳೆಯದನ್ನು ಜೊತೆಯಲ್ಲೇ ಒಯ್ಯಿರಿ, ಬಾಯಲ್ಲಿ ವರ್ಣಿಸಿ ತಂದದ್ದು ಕೂರುವುದಿಲ್ಲ. ಪದ್ಮಿನಿ, ಅಂಬಾಸಿಡರ್ ಕಾಲದ ಗಾಡಿಯಾದರೆ ಪಾಯಿಂಟ್ ಗ್ಯಾಪ್ (ಡಿಸ್ಟ್ರಿಬ್ಯೂಟರ್ ಒಳಗೆ ತೆರೆದು ಮುಚ್ಚುವ ಕಾಂಟ್ಯಾಕ್ಟುಗಳ ನಡುವಿನ ಸಂದು) ಕೂಡ ನೋಡಿ, 0.4 ಮಿ.ಮೀ. ಆಸುಪಾಸು ಇರಬೇಕು. ಸಂದು ಅಳೆಯುವ ಫೀಲರ್ ಗೇಜ್ ಇಲ್ಲದವರು ಮನೆಯಲ್ಲಿ ಕೊಳೆಯುತ್ತಿರುವ ವಿಸಿಟಿಂಗ್ ಕಾರ್ಡಿಗೆ ಕೊನೆಗೂ ಒಂದು ಕೆಲಸ ಕೊಡಬಹುದು.

ಬೇಸ್‌ಮೆಂಟಿನಲ್ಲಿ ನಿಲ್ಲಿಸುವವರು ಪ್ಲಗ್ ವೈರಿನಲ್ಲಿ ಹಲ್ಲಿನ ಗುರುತನ್ನೂ ಹುಡುಕಿ. ಗಣಪನ ವಾಹನಕ್ಕೆ ನಮ್ಮ ವಾಹನ ಕಂಡರೆ ಅದೇನು ಹೊಟ್ಟೆಕಿಚ್ಚೋ.

ಪೆಟ್ರೋಲಿನ ಪರೀಕ್ಷೆ ಮೂಗಿನಿಂದ. ಗಾಢ ವಾಸನೆ ಇದ್ದರೆ ಓವರ್‌ಫ್ಲೋ, ಅಂದರೆ ಪೆಟ್ರೋಲ್ ಅತಿಯಾಗಿದೆ: ಚೋಕ್ (ಗಾಳಿ ತಡೆದು ಪೆಟ್ರೋಲ್ ಪಾಲು ಹೆಚ್ಚಿಸುವ ಗುಬ್ಬಿ) ಒಳಗೆ ತಳ್ಳಿ, ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು (ಪಂಪ್ ಮಾಡಬೇಡಿ) ಐದಾರು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಆಗಲಿಲ್ಲವೋ, ಪ್ಲಗ್ ಬಿಚ್ಚಿ ಒಣಗಿಸಿ. ವಾಸನೆಯೇ ಇಲ್ಲದಿದ್ದರೆ ಏರ್ ಫಿಲ್ಟರ್ ತೆಗೆದು, ಸೆಲ್ಫ್ ಹೊಡೆಯದೆ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬೊರೇಟರ್ ಬಾಯಿಗೆ ಟಾರ್ಚ್ ಬಿಟ್ಟು ಥ್ರಾಟಲ್ (ಆಕ್ಸಿಲರೇಟರ್ ಎಳೆಯುವ ಸನ್ನೆ) ಕೈಯಿಂದ ಎಳೆಯಿರಿ. ಸಣ್ಣ ಧಾರೆ ಚಿಮ್ಮದಿದ್ದರೆ ಅಲ್ಲಿಗೆ ಪೆಟ್ರೋಲ್ ಬಂದಿಲ್ಲ. ವಾರಗಟ್ಟಲೆ ನಿಂತ ಗಾಡಿಯಲ್ಲಿ ಕಾರ್ಬೊರೇಟರಿನ ಪೆಟ್ರೋಲ್ ಬೌಲ್ ಒಣಗಿರುತ್ತದೆ, ನಾಲ್ಕಾರು ಸಲ ಸೆಲ್ಫ್ ಹೊಡೆದ ಮೇಲೆ ಪಂಪು ತುಂಬಿಸಿಕೊಡುತ್ತದೆ. ಡಿಸೆಂಬರ್ ಬೆಳಗಿನಲ್ಲಿ ಚೋಕ್ ಎಳೆಯಲೇಬೇಕು, ಎಂಜಿನ್ ಬಿಸಿಯಾದ ಮೇಲೆ ಒಳಗೆ ತಳ್ಳಲೂ ಬೇಕು. ಆ ಗುಬ್ಬಿಗೆ ಕೈಚೀಲ ನೇತುಹಾಕುವ ಮನೆಗಳ ಕಾರು ದಿನವಿಡೀ ಅರ್ಧ ಚೋಕಿನಲ್ಲೇ ಓಡಿ ಪ್ಲಗ್ಗಿಗೆ ಕಾಡಿಗೆ ಹಚ್ಚಿಕೊಳ್ಳುತ್ತದೆ. ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಗಾಡಿಯಾದರೆ ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕಡೆಯಿಂದ ಪೆಟ್ರೋಲ್ ಪಂಪಿನ ಎರಡು ಸೆಕೆಂಡ್ "ಝುಂಯ್" ಕೇಳಬೇಕು. ಕೇಳದಿದ್ದರೆ ಪಂಪಿನ ಫ್ಯೂಸ್, ಆಮೇಲೆ ಅದಕ್ಕೆ ಕರೆಂಟ್ ಬಿಡುವ ರಿಲೇ ನೋಡಿ.

ಕೊನೆಗೆ ತಳ್ಳುವ ಮಾತು. ಮ್ಯಾನುಯಲ್ ಗೇರಿನ ಗಾಡಿಯಾಗಿರಬೇಕು. ಡ್ಯಾಶ್‌ಬೋರ್ಡ್ ದೀಪ ಹತ್ತುವಷ್ಟಾದರೂ ಕರೆಂಟ್ ಉಳಿದಿರಬೇಕು. ಹನುಮಂತನಗರದವರಿಗೆ ಇಳಿಜಾರಿನ ಪುಣ್ಯವಿದೆ, ಜಯನಗರದವರಿಗೆ ನೆಂಟರೇ ಗತಿ. ಕೀ ಆನ್, ಎರಡನೇ ಗೇರು, ಕ್ಲಚ್ ಒತ್ತಿ. ತಳ್ಳುವವರು ಓಡತೊಡಗಿದಾಗ ಕ್ಲಚ್ ತಟ್ಟನೆ ಬಿಟ್ಟು, ಹಿಡಿದ ಕೂಡಲೇ ಮತ್ತೆ ಒತ್ತಿ. ಮೊದಲ ಗೇರಿನಲ್ಲಿ ಬಿಟ್ಟರೆ ಗಾಡಿ ಗಕ್ಕನೆ ನಿಂತು ತಳ್ಳುವವರ ಮೂಗು ಡಿಕ್ಕಿಗೆ ತಗಲುತ್ತದೆ.

ಹಿಡಿದ ಮೇಲೆ ಆಫ್ ಮಾಡಬೇಡಿ. ಟರ್ಮಿನಲ್ಲಿನಲ್ಲಿ 13.8ರಿಂದ 14.4 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಕೆಲಸ ಮಾಡುತ್ತಿದೆ, ಅರ್ಧ ಗಂಟೆಯಾದರೂ ಓಡಿಸಿ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತದ್ದು ಲೆಕ್ಕಕ್ಕಿಲ್ಲ. 12.3 ತೋರಿಸಿ ಇಳಿಯುತ್ತಿದ್ದರೆ ನೇರ ಎಲೆಕ್ಟ್ರಿಷಿಯನ್ ಅಂಗಡಿಗೆ. ಎರಡರಲ್ಲೂ ನಡುವೆ ನಿಲ್ಲಿಸುವಂತಿಲ್ಲ. ಹಾಗಾಗಿ ತಳ್ಳಲು ಇಳಿಯುವ ನೆಂಟರು ಆಟೋ ದುಡ್ಡು ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕು.