ಹಳ್ಳಕ್ಕೆ ಚೆಕ್ ಡ್ಯಾಂ ಕಟ್ಟಿದರೆ ಬೋರ್‌ವೆಲ್‌ಗೆ ನೀರು ಬರುತ್ತದೆಯೇ?

ಪರ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯುವ ಹೊಳೆ ಇಲ್ಲ. ಸೆಪ್ಟೆಂಬರ್-ಅಕ್ಟೋಬರ್‌ನ ನಾಲ್ಕಾರು ಜೋರು ಮಳೆಗೆ ಹಳ್ಳ ತುಂಬುತ್ತದೆ, ಕೆಲವೇ ಗಂಟೆಯಲ್ಲಿ ಬರಿದಾಗುತ್ತದೆ. ಹಳ್ಳಕ್ಕೆ ಅಡ್ಡಲಾಗಿ ಚಿಕ್ಕ ಗೋಡೆ, ಅಂದರೆ ಚೆಕ್ ಡ್ಯಾಂ, ಕಟ್ಟಿ ಆ ನೀರನ್ನು ಕೆಲವು ವಾರ ನಿಲ್ಲಿಸಿಕೊಂಡರೆ ಕೆಳಗಿನ ಮೊರಂ (ಶಿಥಿಲಗೊಂಡ ಬಂಡೆಯ ಗರಸು ಮಣ್ಣು) ಕುಡಿಯುತ್ತದೆ.

ಹಳ್ಳದ ಅಗಲ 15 ಮೀಟರ್, ಗೋಡೆಯ ಎತ್ತರ 1.5 ಮೀಟರ್, ನೂರು ಮೀಟರಿಗೆ ಒಂದೂವರೆ ಮೀಟರ್ ಇಳಿಜಾರು ಎಂದುಕೊಳ್ಳಿ. ನೀರು ಹಿಂದಕ್ಕೆ 100 ಮೀಟರ್ ನಿಲ್ಲುತ್ತದೆ. ತಳ ಓರೆಯಾದ್ದರಿಂದ ಗುಣಾಕಾರದ ಅರ್ಧ ಹಿಡಿದರೂ ಒಂದು ತುಂಬಿಗೆ ಸುಮಾರು 11 ಲಕ್ಷ ಲೀಟರ್. ಐದು ಸಲ ತುಂಬಿ ಹಿಂಗಿದರೆ 55 ಲಕ್ಷ.

ಚೆಕ್ ಡ್ಯಾಂಗೆ ಕೆಟ್ಟ ಹೆಸರು ಬಂದಿದ್ದು ಕಟ್ಟಿದವರಿಂದ. ಪಾಯ ಗಟ್ಟಿ ಮೊರಂ ಅಥವಾ ಬಂಡೆ ಸಿಗುವವರೆಗೆ ಇಳಿಯಬೇಕು. ಮರಳಿನ ಮೇಲೆ ಕೂರಿಸಿದರೆ ನೀರು ಅಡಿಯಿಂದ ನುಸುಳಿ, ಮರಳನ್ನೂ ಎಳೆದುಕೊಂಡು ಹೋಗಿ ಗೋಡೆ ಕುಸಿಯುತ್ತದೆ. ಗೋಡೆಯ ಎರಡೂ ತುದಿ ದಡದೊಳಕ್ಕೆ ಕನಿಷ್ಠ ಒಂದು ಮೀಟರ್ ಹೊಕ್ಕಿರಬೇಕು. ಇಲ್ಲದಿದ್ದರೆ ಮೊದಲ ದೊಡ್ಡ ಮಳೆಗೇ ಹಳ್ಳ ಗೋಡೆಯನ್ನು ಸುತ್ತಿ ಹರಿದು ಪಕ್ಕದ ಹೊಲ ಕೊರೆಯುತ್ತದೆ. ಮೇಲಿಂದ ಬೀಳುವ ನೀರು ಬುಡ ಅಗೆಯದಂತೆ ಕೆಳಬದಿಗೆ ದಪ್ಪ ಕಲ್ಲು ಹಾಸಬೇಕು. ದುಡ್ಡು ಉಳಿಸುವವರು ಮೊದಲು ಬಿಡುವುದೇ ಈ ಹಾಸನ್ನು!

ಹಿಂಗುತ್ತಿದೆಯೋ ಇಲ್ಲವೋ ನೋಡಲು ಯಂತ್ರ ಬೇಡ. ಒಳಹರಿವು ನಿಂತ ಮೇಲೆ ಗುರುತು ಹಾಕಿದ ಕೋಲು ನೆಡಿ. ದಿನಕ್ಕೆ ಅರ್ಧ ಸೆಂಟಿಮೀಟರ್ ಮಾತ್ರ ಇಳಿದರೆ ಅದು ಬಿಸಿಲಿಗೆ ಹೋದ ನೀರು. ಎರಡು ಮೂರು ಸೆಂಟಿಮೀಟರ್ ಇಳಿದರೆ, ಗೋಡೆಯ ಕೆಳಗೆ ಜಿನುಗು ಕಾಣದಿದ್ದರೆ, ಭೂಮಿ ಕುಡಿಯುತ್ತಿದೆ.

ವಿರೋಧ

ಅದೇ ಕೋಲನ್ನು ಮೂರನೇ ವರ್ಷ ನೆಟ್ಟು ನೋಡಿ. ಹಳ್ಳದ ನೀರು ಕೆಂಪಗೆ ಬರುತ್ತದೆ. ನಿಂತ ಕಡೆ ನುಣ್ಣನೆಯ ಜೇಡಿ ಕೆಳಗಿಳಿದು ತಳಕ್ಕೆ ಲೇಪವಾಗುತ್ತದೆ. ಬೇಸಿಗೆಯಲ್ಲಿ ಆ ಪದರ ಬಿರುಕು ಬಿಟ್ಟಾಗ ಕೆರೆದು ತೆಗೆಯದಿದ್ದರೆ ಚೆಕ್ ಡ್ಯಾಂ ದನ ನೀರು ಕುಡಿಯುವ ಗುಂಡಿಯಾಗಿ ಉಳಿಯುತ್ತದೆ. ಕಟ್ಟಲು ಟೆಂಡರ್ ಇದೆ, ಹೂಳೆತ್ತಲು ಯಾರೂ ಇಲ್ಲ.

55 ಲಕ್ಷ ಲೀಟರ್ ದೊಡ್ಡದೆನಿಸುತ್ತದೆ. ಗಂಟೆಗೆ 5,000 ಲೀಟರ್ ಕೊಡುವ ಬೋರ್ ಆರು ಗಂಟೆ ಓಡಿದರೆ ದಿನಕ್ಕೆ 30,000 ಲೀಟರ್. ಸುತ್ತ ಅಂಥ 20 ಬೋರ್ ಇದ್ದರೆ ಒಂಬತ್ತೇ ದಿನದ ಮಾತು, ಅದೂ ಒಂದು ಹನಿ ಆವಿಯಾಗದಿದ್ದರೆ. ಹತ್ತು ಎಚ್‌ಪಿವರೆಗೆ ಕೃಷಿ ಪಂಪ್‌ಗೆ ಕರೆಂಟ್ ಉಚಿತ. ನೀರು ಏರಿದೆ ಎಂಬ ಸುದ್ದಿ ಹಬ್ಬಿದರೆ ಪಕ್ಕದಲ್ಲೇ ಇನ್ನೊಂದು ಬೋರ್ ಕೊರೆಸುತ್ತಾರೆ.

ಹಿಂಗಿದ ನೀರು ಮೊದಲು ಸೇರುವುದು ಮೇಲಿನ ಸಡಿಲ ಪದರವನ್ನು. ತೆರೆದ ಬಾವಿಗೆ ಅದರಿಂದ ಲಾಭ ಉಂಟು, ಒಪ್ಪೋಣ. ಸಾವಿರ ಅಡಿ ಕೆಳಗಿನ ಬಂಡೆಯ ಬಿರುಕಿಗೆ ಅದು ಇಳಿಯುವುದು ಸೀಳಿನ ಸಂಪರ್ಕವಿದ್ದರೆ ಮಾತ್ರ. ಹಾಗಾಗಿಯೇ ಚೆಕ್ ಡ್ಯಾಂ ಅಂಚಿನ ಬೋರ್ ಒಣಗಿ, ದೂರದ್ದು ನೀರು ಕೊಡುವುದುಂಟು.

ಎಲ್ಲಕ್ಕಿಂತ ದೊಡ್ಡ ತಕರಾರು ಕೆಳಗಿನ ಕೆರೆಯದು. ಇಲ್ಲಿನ ಕೆರೆಗಳು ಸರಣಿಯಲ್ಲಿವೆ. ಮೇಲಿನದು ಕೋಡಿ ಹರಿದರೆ ಮಾತ್ರ ಮುಂದಿನದಕ್ಕೆ ನೀರು. ಒಂದೇ ಹಳ್ಳಕ್ಕೆ ಹತ್ತು ಗೋಡೆ ಹಾಕಿದರೆ ಮಳೆ ಕಡಿಮೆಯಾದ ವರ್ಷ ಕೆರೆಗೆ ಏನೂ ತಲುಪುವುದಿಲ್ಲ. ಆ ದುಡ್ಡಿನಲ್ಲಿ ರಾಜಕಾಲುವೆಯ ಒತ್ತುವರಿ ಬಿಡಿಸಿ ಕೆರೆಯ ಹೂಳೆತ್ತಲಿ. ಚೆಕ್ ಡ್ಯಾಂ ಬೇಕೇ ಬೇಕು ಎಂದಾದರೆ, ಗೋಡೆಗೆ ಮಂಜೂರಾತಿ ಕೊಡುವಾಗಲೇ ಕೆಳಗಿನ ಕೆರೆಯ ಅಚ್ಚುಕಟ್ಟುದಾರರ (ಅದರ ನೀರಿನಿಂದ ಬೆಳೆ ತೆಗೆಯುವ ರೈತರ) ಒಪ್ಪಿಗೆಯನ್ನೂ ಪ್ರತಿ ಏಪ್ರಿಲ್‌ನಲ್ಲಿ ಜೇಡಿ ಕೆರೆಯುವ ಖರ್ಚನ್ನೂ ಅದೇ ಕಡತದಲ್ಲಿ ಸೇರಿಸಲಿ.