ಜೀವಂತ ಹುಳುವನ್ನು ಪುಡಿ ಮಾಡುವ ಆತುರ ಯಾಕೆ?

ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿ ಕೋಳಿಗೆ ಜೀವಂತ ಹುಳು ಹಾಕುತ್ತಾರೆ ಅಂದರೆ ಊರಿನ ಕಡೆಯಿಂದ ಫೋನಿನಲ್ಲಿ ಮೊದಲು ಬರುವ ಮಾತು ‘ಛೀ’. ಆ ಛೀ ಚುಚ್ಚುತ್ತದೆ. ತಿಪ್ಪೆ ಕೆದಕಿ ಬೆಳೆದ ನಾಟಿ ಕೋಳಿಗೆ ಹೆಚ್ಚು ದುಡ್ಡು ಕೊಡುವವರು ನಾವೇ. ಸಗಣಿ, ಹುಲ್ಲು ತುಂಬಿದ ಮಡಕೆ ಬೋರಲು ಹಾಕಿ, ಹತ್ತಿದ ಗೆದ್ದಲನ್ನು ಮರಿಗಳ ಮುಂದೆ ಕೊಡವುತ್ತಿದ್ದವರೂ ನಮ್ಮವರೇ.

ಇಲ್ಲಿ ಸಾಕುವುದು ಬ್ಲ್ಯಾಕ್ ಸೋಲ್ಜರ್ ಫ್ಲೈ ಎಂಬ ನೊಣದ ಮರಿಹುಳು. ಬೆರ್ಗೆನ್ ಒಪ್ ಝೋಮ್ ಊರಿನಲ್ಲಿ ಇದರದೇ ದೊಡ್ಡ ಕಾರ್ಖಾನೆಯಿದೆ, 2019ರಲ್ಲಿ ದೊರೆಯೇ ಬಂದು ಉದ್ಘಾಟಿಸಿದ್ದು. ನಮ್ಮ ಕಡೆ ಇದೇ ಹುಳುವಿನ ಮಾತು ಬಂದರೆ ಎಲ್ಲರ ಕಣ್ಣೂ ಪ್ರೊಟೀನ್ ಲೆಕ್ಕದ ಮೇಲೆ: ಒಣಗಿಸು, ಪುಡಿ ಮಾಡು, ಸೋಯಾ ಹಿಂಡಿಯ ಬದಲು ಫೀಡಿಗೆ ಬೆರೆಸು. ಇಲ್ಲಿ ಜೀವಂತ ಹುಳುವಿಗೆ ಬೇರೆಯೇ ಕೆಲಸವಿದೆ. ಮೊಟ್ಟೆ ಕೋಳಿಯ ಕೊಕ್ಕು ಕತ್ತರಿಸುವಂತಿಲ್ಲ, ಹಾಗಾಗಿ ಒಂದರ ಪುಕ್ಕ ಇನ್ನೊಂದು ಕೀಳದಂತೆ ಅವಕ್ಕೆ ಕೆದಕಲು, ಹುಡುಕಲು ಏನಾದರೂ ಇರಬೇಕು. ವಾಗೆನಿಂಗನ್ ವಿಶ್ವವಿದ್ಯಾಲಯದವರು ಬ್ರಾಯ್ಲರ್‌ಗೂ ಹುಳು ಉದುರಿಸಿ ನೋಡಿದ್ದಾರೆ. ಮೈಭಾರಕ್ಕೆ ಕೂತೇ ಇರುವ ಆ ಕೋಳಿಗಳು ಎದ್ದು ಓಡಾಡಿದವು. ಪುಡಿ ಆ ಕೆಲಸ ಮಾಡುವುದಿಲ್ಲ.

ಇನ್ನು ಖರ್ಚು. ಹಸಿ ಹುಳುವಿನಲ್ಲಿ ಮೂರನೇ ಎರಡು ಭಾಗ ನೀರು. ಒಂದು ಕಿಲೋ ಪುಡಿಗೆ ಮೂರು ಕಿಲೋ ಹುಳು ಬೇಕು, ಮೇಲೆ ಸೌದೆಯೋ ಕರೆಂಟೋ. ಹಿತ್ತಿಲಲ್ಲೇ ಹುಳು, ಹಿತ್ತಿಲಲ್ಲೇ ಕೋಳಿ ಇರುವ ರೈತನಿಗೆ ಅದೆಲ್ಲ ಯಾಕೆ?

ನೂರು ಗಿರಿರಾಜ ಕೋಳಿಗಳ ಲೆಕ್ಕ ಹಿಡಿಯೋಣ. ತಲೆಗೆ ದಿನಕ್ಕೆ 10 ಗ್ರಾಂ ಹಸಿ ಹುಳು, ಒಟ್ಟು ಒಂದು ಕಿಲೋ. ಎರಡಡಿ ಉದ್ದದ ಪ್ಲಾಸ್ಟಿಕ್ ಕ್ರೇಟಿನಲ್ಲಿ 15 ಕಿಲೋ ತರಕಾರಿ-ಹಣ್ಣಿನ ಕಸ, ಅದಕ್ಕೆ ಐದು ದಿನದ 10,000 ಮರಿಹುಳು ಬಿಟ್ಟರೆ ಸುಮಾರು 12 ದಿನಕ್ಕೆ ಎರಡು ಕಿಲೋ ಹತ್ತಿರ ಸಿಗುತ್ತದೆ. ಎರಡು ದಿನಕ್ಕೊಂದು ಕ್ರೇಟ್ ಹೊಸದಾಗಿ ಹಾಕುತ್ತಿದ್ದರೆ ಆರು ಕ್ರೇಟ್ ಸಾಕು. ಕಸ ಹಿಂಡಿದರೆ ನೀರು ಧಾರೆಯಾಗಿ ಸುರಿಯಬಾರದು. ಸುರಿದರೆ ಗಾಳಿ ಸಿಗದೆ ಹುಳುಗಳು ಕ್ರೇಟ್ ಹತ್ತಿ ಓಡುತ್ತವೆ, ನಾತವೂ ಏಳುತ್ತದೆ, ತೌಡು ಬೆರೆಸಿ. ಕೆನೆ ಬಣ್ಣ ಇರುವಾಗಲೇ ಜರಡಿ ಹಿಡಿಯಬೇಕು. ಕಪ್ಪಾದರೆ ಸಿಪ್ಪೆ ಗಟ್ಟಿ, ಜೀರ್ಣ ಕಷ್ಟ. ನೊಣವಾಗಿ ಮತ್ತೆ ಮೊಟ್ಟೆ ಇಡಲು ಅಂಥವನ್ನು ಒಂದಿಷ್ಟು ಉಳಿಸಿಕೊಳ್ಳಿ.

ಕೊಡುವಾಗ ಒಂದೇ ಕಡೆ ಸುರಿಯಬೇಡಿ, ಬಲವಾದ ನಾಲ್ಕು ಕೋಳಿ ತಿಂದು ಮುಗಿಸುತ್ತವೆ. ಒಣ ಹಾಸಿನ ಮೇಲೆ ಶೆಡ್ಡಿನ ಉದ್ದಕ್ಕೂ, ದಿನಕ್ಕೆ ಮೂರು ನಾಲ್ಕು ಸಲ ತೆಳ್ಳಗೆ ಎರಚಿ. ಹತ್ತು ನಿಮಿಷ ಕಳೆದರೂ ಹುಳು ಕಂಡರೆ ಅಳತೆ ಹೆಚ್ಚಾಗಿದೆ. ಉಳಿದದ್ದು ಹಾಸಿನೊಳಗೆ ಇಳಿದು ಕೋಶ ಕಟ್ಟಿ ನೊಣವಾಗುತ್ತದೆ. ಹುಳುವಿನಲ್ಲಿ ಸುಣ್ಣದಂಶ ಜಾಸ್ತಿ, ಎಳೆ ಮರಿಗಳಿಗೆ ಕೈ ಬಿಗಿ ಹಿಡಿಯಿರಿ. ಫೀಡ್ ಪೂರ್ತಿ ನಿಲ್ಲಿಸುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಹೇಳಿದ ಮೇಲೆ ಇಲ್ಲಿಯ ಕೊರತೆಯನ್ನೂ ಒಪ್ಪಬೇಕು. ಈ ನೊಣಕ್ಕೆ ಬೇಕಾದ 27–30 ಡಿಗ್ರಿ ಬಿಸಿ ನಮ್ಮಲ್ಲಿ ವರ್ಷದ ಬಹುಪಾಲು ಪುಕ್ಕಟೆ. ಇಲ್ಲಿ ಚಳಿಗಾಲವಿಡೀ ದುಡ್ಡು ಸುಟ್ಟು ಕೋಣೆ ಕಾಯಿಸಬೇಕು. ಯುರೋಪಿನ ಕಾನೂನಿಗೆ ಹುಳುವೂ ಸಾಕುಪ್ರಾಣಿ, ಹೋಟೆಲಿನ ಎಂಜಲು ಹಾಕುವಂತಿಲ್ಲ. ಆದ್ದರಿಂದ ಹುಳುವಿನ ಬೆಲೆ ಸೋಯಾಕ್ಕಿಂತ ಮೇಲೆ, ಮೊಟ್ಟೆಯೂ ದುಬಾರಿ. ಆದರೂ ಆ ಕಾನೂನಿನ ಎಚ್ಚರ ನಮಗೂ ಬೇಕು: ಮಾಂಸದಂಗಡಿಯ ಕಸ, ಕೋಳಿ ಗೊಬ್ಬರ ತಿಂದ ಹುಳುವಿನ ಜೊತೆ ಸಾಲ್ಮೊನೆಲ್ಲಾ ಎಂಬ ರೋಗಾಣು ಬರಬಹುದು, ಕೊಳಕು ಕಸದ ಕ್ಯಾಡ್ಮಿಯಂ ಎಂಬ ವಿಷಲೋಹ ಅದರ ಮೈಯಲ್ಲೇ ಉಳಿಯುತ್ತದೆ.

ಇನ್ನೊಂದು ಮಾತು ಹೇಳಲು ಮನಸ್ಸಿಲ್ಲ, ಆದರೂ ನಿಜ. ನಮ್ಮ ದೊಡ್ಡ ಮೊಟ್ಟೆ ಫಾರಂಗಳ ಕೋಳಿ ಪಂಜರದಲ್ಲಿದೆ, ಕೆದಕಲು ಅದಕ್ಕೆ ನೆಲವೇ ಇಲ್ಲ. ಇಲ್ಲಿ ಹಳೇ ಬಗೆಯ ಪಂಜರ 2012ರಲ್ಲೇ ನಿಂತಿತು. ನಮ್ಮಲ್ಲೂ ಅದು ನಿಲ್ಲುವವರೆಗೆ ಹುಳು ಎರಚುವ ಈ ಮಾತೆಲ್ಲ ಹಿತ್ತಿಲಿನವರಿಗೆ, ನೆಲದ ಹಾಸಿನ ಮೇಲೆ ಸಾಕುವವರಿಗೆ ಮಾತ್ರ.